ನಾಯಿಗೆ ರಾಗಿ ಬಿಸ್ಕತ್ತು: ಅಳತೆ, ಹದ, ಮತ್ತೆ ನಮ್ಮ ಸಾರಿನ ತಕರಾರು

ಚಿಕ್ಕಬಳ್ಳಾಪುರದ ಕಡೆ ಯಾವ ಮನೆಯಲ್ಲಿ ನೋಡಿದರೂ ರಾಗಿ ಹಿಟ್ಟು, ಮೊಟ್ಟೆ, ಸಿಹಿಗುಂಬಳ, ಕಡಲೆಕಾಯಿ ಬೀಜ ಇದ್ದೇ ಇರುತ್ತವೆ. ನಾಯಿಗೆ ಒಳ್ಳೆಯ ಟ್ರೀಟ್ ಮಾಡಲು ಇಷ್ಟು ಸಾಕು. ಅದೇ ಅಡುಗೆಮನೆಯಲ್ಲಿ ಹುಣಸೆಹಣ್ಣು, ಈರುಳ್ಳಿ, ಒಣದ್ರಾಕ್ಷಿಯೂ ಇರುತ್ತವೆ. ನಾಯಿಯನ್ನು ಡಾಕ್ಟರ ಮೇಜಿನ ಮೇಲೆ ಮಲಗಿಸುವುದು ಇವು. ಆದ್ದರಿಂದ ಮೊದಲು ಬಿಸ್ಕತ್ತು ಮಾಡೋಣ, ಆಮೇಲೆ ಸಾರಿನ ವಿಚಾರಕ್ಕೆ ಬರೋಣ.

ಅಳತೆ ಹೀಗಿದೆ: ರಾಗಿ ಹಿಟ್ಟು 200 ಗ್ರಾಂ, ಬೇಯಿಸಿ ನುಣ್ಣಗೆ ಹಿಸುಕಿದ ಸಿಹಿಗುಂಬಳ 110 ಗ್ರಾಂ, ಮೊಟ್ಟೆ ಒಂದು, ಹುರಿದು ಸಿಪ್ಪೆ ತೆಗೆದು ರುಬ್ಬಿದ ಕಡಲೆಕಾಯಿ ಬೀಜ ಒಂದು ಟೇಬಲ್ ಚಮಚ, ಅಂದರೆ ಸುಮಾರು 15 ಗ್ರಾಂ. ಉಪ್ಪು, ಬೆಲ್ಲ, ಜೇನುತುಪ್ಪ, ಏಲಕ್ಕಿ ಯಾವುದೂ ಬೇಡ. ಅಡುಗೆ ಸೋಡವೂ ಬೇಡ. ಸೋಡದಿಂದ ಹುಟ್ಟುವ ಗಾಳಿಯನ್ನು ಹಿಡಿದಿಡಲು ರಾಗಿಯಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಇಲ್ಲ, ಬಿಸ್ಕತ್ತು ಉಬ್ಬುವುದೂ ಇಲ್ಲ. ನಾಯಿಯ ಹೊಟ್ಟೆಗೆ ಸುಮ್ಮನೆ ಸೋಡಿಯಂ ಸೇರುತ್ತದೆ ಅಷ್ಟೇ.

ಹಿಟ್ಟನ್ನು ಮಿಲ್ಲಿನಲ್ಲಿ ಬೀಸಿಸುವವರು ಒಂದು ಮಾತು ಕೇಳಿಕೊಳ್ಳಿ: ಹಿಂದಿನವರು ಖಾರದಪುಡಿ ಬೀಸಿಸಿದ್ದರೇ? ಎರಡಕ್ಕೂ ಒಂದೇ ಯಂತ್ರ ಇರುವ ಕಡೆ ಮೊದಲು ಬೀಳುವ ಒಂದೆರಡು ಸೇರು ಹಿಟ್ಟಿನಲ್ಲಿ ಖಾರ ಉಳಿದಿರುತ್ತದೆ. ಮುದ್ದೆ ಉಣ್ಣುವ ನಮಗೆ ಅದು ಗೊತ್ತೂ ಆಗುವುದಿಲ್ಲ, ನಾಯಿಗೆ ಗೊತ್ತಾಗುತ್ತದೆ.

ಸಿಹಿಗುಂಬಳವನ್ನು ನೀರಿಗೆ ಹಾಕಿ ಬೇಯಿಸಬೇಡಿ. ಸಿಪ್ಪೆ, ಬೀಜ ತೆಗೆದು, ಹೋಳು ಮಾಡಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿ. ನೀರಿನಲ್ಲಿ ಬೆಂದ ಕುಂಬಳ ನೀರು ಕುಡಿದಿರುತ್ತದೆ, ಆಗ ಹಿಟ್ಟು ಎಷ್ಟು ಹಾಕಿದರೂ ಅಂಟು ಹೋಗುವುದಿಲ್ಲ.

ಬಹಳ ಜನ ಕೈಚೆಲ್ಲುವುದು ಹಿಟ್ಟು ಕಲಸುವಾಗ. ತಣ್ಣಗಿನ ಕುಂಬಳದಲ್ಲಿ ಕಲಸಿ ಲಟ್ಟಿಸಿದರೆ ಅಂಚೆಲ್ಲ ಬಿರುಕು ಬಿಡುತ್ತದೆ, ಕತ್ತರಿಸಿದ ತುಂಡು ಎತ್ತುವಾಗ ಮುರಿಯುತ್ತದೆ. ರೊಟ್ಟಿಗೆ ಬಿಸಿನೀರು ಹಾಕಿ ಕಲಸುವ ಕಾರಣವೇ ಇಲ್ಲಿಯೂ ನಡೆಯುತ್ತದೆ. ಬಿಸಿ ತಗುಲಿದರೆ ರಾಗಿಯ ಪಿಷ್ಟ ಸ್ವಲ್ಪ ಬೆಂದು ಅಂಟಾಗುತ್ತದೆ, ಗ್ಲುಟೆನ್ ಇಲ್ಲದ ಕೊರತೆಯನ್ನು ಅದು ತುಂಬುತ್ತದೆ. ಹಬೆಯಿಂದ ಇಳಿಸಿದ ಕುಂಬಳವನ್ನು ಬಿಸಿ ಇರುವಾಗಲೇ ಹಿಸುಕಿ, ಹಿಟ್ಟಿಗೆ ಹಾಕಿ, ಚಮಚದಲ್ಲಿ ಕಲಸಿ ಹತ್ತು ನಿಮಿಷ ಮುಚ್ಚಿಡಿ. ಕೈ ಇಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಮೊಟ್ಟೆ ಮತ್ತು ಕಡಲೆಕಾಯಿ ಪೇಸ್ಟ್ ಸೇರಿಸಿ ನಾದಿ. ಆತುರ ಮಾಡಿ ಸುಡುವ ಹಿಟ್ಟಿಗೆ ಮೊಟ್ಟೆ ಒಡೆದರೆ ಅಲ್ಲೇ ಬೆಂದು ಎಳೆ ಎಳೆಯಾಗುತ್ತದೆ. ಕೊನೆಗೆ ಹಿಟ್ಟು ಬೆರಳಿಗೆ ಅಂಟಬಾರದು, ಉಂಡೆ ಮಾಡಿ ಒತ್ತಿದರೆ ಅಂಚು ಸೀಳಬಾರದು. ಅಂಟಿದರೆ ಒಂದು ಚಮಚ ಹಿಟ್ಟು, ಸೀಳಿದರೆ ಒಂದು ಚಮಚ ಬಿಸಿನೀರು. ಎರಡನ್ನೂ ಒಂದೊಂದೇ ಚಮಚ ಹಾಕಿ ನೋಡುತ್ತಾ ಹೋಗಿ.

ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಚಾಕುವಿನಲ್ಲಿ ಚೌಕ ಕತ್ತರಿಸಿ. ಒಂದು ಚೌಕ 5 ಗ್ರಾಂ ಬರುವಂತೆ ಮಾಡಿದರೆ ಈ ಅಳತೆಗೆ ಸುಮಾರು 75 ಬಿಸ್ಕತ್ತು ಆಗುತ್ತವೆ. ಮೂಳೆಯ ಆಕಾರದ ಅಚ್ಚು ಫೋಟೋಗೆ ಚೆಂದ. ಆದರೆ ರಾಗಿ ಬಿಸ್ಕತ್ತು ಆ ಸಣ್ಣ ಸೊಂಟದಲ್ಲೇ ಮುರಿಯುತ್ತದೆ. ನಾಯಿಗಂತೂ ಆಕಾರದ ಚಿಂತೆ ಇಲ್ಲ.

ಓಟಿಜಿ (ಕರೆಂಟಿನ ಒವನ್) ಇದ್ದರೆ 160 ಡಿಗ್ರಿಯಲ್ಲಿ 25 ನಿಮಿಷ, ಆಮೇಲೆ ತಿರುಗಿಸಿ ಹಾಕಿ 120 ಡಿಗ್ರಿಯಲ್ಲಿ ಇನ್ನೊಂದು 30–40 ನಿಮಿಷ. ಆರಿಸಿದ ಮೇಲೂ ಒಂದು ಗಂಟೆ ಒಳಗೇ ಬಿಡಿ. ಓಟಿಜಿ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಒಂದು ಸೆಂ.ಮೀ. ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಬಹುದು. ಅರ್ಧದಲ್ಲಿ ತಿರುಗಿಸಲೇಬೇಕು, ಇಲ್ಲದಿದ್ದರೆ ತಳ ಸೀದು ಮೇಲ್ಭಾಗ ಮೆತ್ತಗೆ ಉಳಿಯುತ್ತದೆ. ಬಾಣಲೆಯಲ್ಲಿ ಮಾಡಿದ್ದು ಪೂರ್ತಿ ಒಣಗುವುದು ಕಷ್ಟ. ಅದನ್ನು ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ.

ಗೋಧಿ ಬಿಸ್ಕತ್ತಾದರೆ ಬಣ್ಣ ನೋಡಿ ಇಳಿಸಬಹುದು. ರಾಗಿ ಮೊದಲೇ ಕಂದು, ಬಣ್ಣ ಏನೂ ಹೇಳುವುದಿಲ್ಲ. ತಕ್ಕಡಿಯನ್ನು ಕೇಳಬೇಕು. 375 ಗ್ರಾಂ ಹಸಿ ಹಿಟ್ಟು ಒಣಗಿ 240–250 ಗ್ರಾಂಗೆ ಇಳಿದರೆ ಒಳಗಿನ ನೀರು ಬಹುಪಾಲು ಹೋಗಿದೆ ಎಂದು ಅರ್ಥ. 270ಕ್ಕಿಂತ ಮೇಲಿದ್ದರೆ ಇನ್ನೂ ಹಸಿ ಇದೆ, ಮತ್ತೆ ಒಳಗಿಡಿ. ಇನ್ನೊಂದು ಪರೀಕ್ಷೆ: ಪೂರ್ತಿ ಆರಿದ ಎರಡು ಬಿಸ್ಕತ್ತನ್ನು ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ರಾತ್ರಿಯಿಡೀ ಇಡಿ. ಬೆಳಿಗ್ಗೆ ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಡಬ್ಬಿಗೆ ತುಂಬಬೇಡಿ, ಮೂರನೇ ದಿನಕ್ಕೆ ಬೂಷ್ಟು ಬರುತ್ತದೆ. ಸರಿಯಾಗಿ ಒಣಗಿದ್ದು ಸ್ಟೀಲ್ ಡಬ್ಬಿಯಲ್ಲಿ ಬೇಸಿಗೆಯಲ್ಲಿ ಎರಡು ವಾರ ಇರುತ್ತದೆ. ಮಳೆಗಾಲದಲ್ಲಿ ಫ್ರಿಜ್ಜೇ ಸರಿ.

ಒಣಗಿಸುತ್ತಾ ಒಣಗಿಸುತ್ತಾ ಕಲ್ಲು ಮಾಡಿಬಿಡುವುದೂ ಉಂಟು. ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ಸಣ್ಣ ಗುರುತಾದರೂ ಬೀಳಬೇಕು, ಇಲ್ಲವೇ ಕೈಯಲ್ಲಿ ಪಟ್ಟೆಂದು ಮುರಿಯಬೇಕು. ಎರಡೂ ಆಗದಿದ್ದರೆ ನಾಯಿಯ ಮೇಲ್ದವಡೆಯ ದೊಡ್ಡ ಹಲ್ಲು ಸೀಳುವ ಅಪಾಯವಿದೆ. ಹಲ್ಲಿಲ್ಲದ ಮುದಿ ನಾಯಿಗೆ ಇದೇ ಹಿಟ್ಟನ್ನು ಇಡ್ಲಿ ತಟ್ಟೆಯಲ್ಲಿ ತೆಳ್ಳಗೆ ಒತ್ತಿ 20 ನಿಮಿಷ ಹಬೆಯಲ್ಲಿ ಬೇಯಿಸಿ ಕೊಡಿ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಒಲೆಯೇ ಬೇಡ ಅನ್ನುವವರಿಗೆ ರಾಗಿ ಹುರಿಹಿಟ್ಟು ಇದೆ. ಅದು ಆಗಲೇ ಬೆಂದ ಹಿಟ್ಟು. ಎರಡು ಚಮಚ ಹುರಿಹಿಟ್ಟಿಗೆ ಒಂದು ಚಮಚ ಗಟ್ಟಿ ಮೊಸರು ಹಾಕಿ ಉಂಡೆ ಕಟ್ಟಿದರೆ ಆಯಿತು, ಅವತ್ತೇ ಮುಗಿಸಬೇಕು. ಅಂಗಡಿಯ ಹುರಿಹಿಟ್ಟಿಗೆ ಸಕ್ಕರೆ, ಏಲಕ್ಕಿ ಬೆರೆಸಿರುತ್ತಾರೆ, ಪೊಟ್ಟಣ ಓದಿ ತನ್ನಿ.

ಎಷ್ಟು ಕೊಡಬೇಕು? ದಿನದ ಒಟ್ಟು ಕ್ಯಾಲೊರಿಯಲ್ಲಿ ಟ್ರೀಟ್‌ನ ಪಾಲು 10% ದಾಟಬಾರದು. ಲೆಕ್ಕ ಹಾಕಲು ಫೋನಿನ ಕ್ಯಾಲ್ಕುಲೇಟರ್ ಸಾಕು. ನಾಯಿಯ ತೂಕವನ್ನು ಕೆ.ಜಿ.ಯಲ್ಲಿ ಮೂರು ಸಲ ಬರೆದು ಗುಣಿಸಿ, ಬಂದದ್ದಕ್ಕೆ ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 70ರಿಂದ ಗುಣಿಸಿ. 10 ಕೆ.ಜಿ. ನಾಯಿಗೆ 1000, ಅದರಿಂದ 5.62, ಅದರಿಂದ 394 ಕ್ಯಾಲೊರಿ. ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು. ಮರಿ ಆಗದಂತೆ ಆಪರೇಷನ್ ಆದ, ದಿನಾ ವಾಕಿಂಗ್ ಹೋಗುವ ನಾಯಿಗೆ ಇದರ 1.6 ಪಟ್ಟು, ಸುಮಾರು 630. ಮನೆಯೊಳಗೇ ಬಿದ್ದುಕೊಂಡಿರುವ ಲ್ಯಾಬ್, ಪಗ್‌ಗಳಿಗೆ 1.4 ಪಟ್ಟು ಸಾಕು. ಮೇಲಿನ ಬಿಸ್ಕತ್ತು ಒಂದಕ್ಕೆ ಸುಮಾರು 11 ಕ್ಯಾಲೊರಿ. ಹಾಗಾದರೆ 5 ಕೆ.ಜಿ. ಶಿಟ್ಸೂಗೆ ಮೂರು, 8 ಕೆ.ಜಿ. ಪಗ್‌ಗೆ ನಾಲ್ಕು, 10 ಕೆ.ಜಿ. ನಾಯಿಗೆ ಐದು, 30 ಕೆ.ಜಿ. ಲ್ಯಾಬ್‌ಗೆ ಹನ್ನೊಂದು. ಇಷ್ಟು ಕೊಟ್ಟ ದಿನ ತಟ್ಟೆಯ ಊಟ ಅಷ್ಟು ಕಡಿಮೆ ಮಾಡಬೇಕು. ಟ್ರೈನಿಂಗ್‌ಗಾದರೆ ಒಂದು ಬಿಸ್ಕತ್ತು ನಾಲ್ಕು ಚೂರು. ಎಷ್ಟು ದೊಡ್ಡ ಚೂರು ಅನ್ನುವುದಕ್ಕಿಂತ ಎಷ್ಟು ಸಲ ಸಿಕ್ಕಿತು ಅನ್ನುವುದನ್ನೇ ನಾಯಿ ಲೆಕ್ಕ ಇಡುತ್ತದೆ.

ಈ ಲೆಕ್ಕ ಕೈಗೆ ಬಂದ ಮೇಲೆ ಮುದ್ದೆಯನ್ನೂ ಅದರಲ್ಲೇ ತೂಗಿ ನೋಡಿ. 100 ಗ್ರಾಂ ಹಿಟ್ಟಿನ ಮುದ್ದೆ ಅಂದರೆ 320–330 ಕ್ಯಾಲೊರಿ, 10 ಕೆ.ಜಿ. ನಾಯಿಯ ಅರ್ಧ ದಿನದ ಊಟ ಅಲ್ಲಿಗೇ ಮುಗಿಯಿತು. ಬೆಂದ ರಾಗಿ ನಾಯಿಗೆ ಅರಗುತ್ತದೆ, ಅದರಲ್ಲಿ ಅನುಮಾನ ಬೇಡ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಅರಗಿಸುವ ಅಮೈಲೇಸ್ ಜೀನ್‌ನ ಪ್ರತಿಗಳು ಹೆಚ್ಚು ಎಂದು ಸ್ವೀಡನ್ನಿನ ಉಪ್ಸಲಾದ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ಕೊರತೆ ಇರುವುದು ಪ್ರೋಟೀನಿನಲ್ಲಿ. ಬೆಳೆದ ನಾಯಿಯ ಆಹಾರದಲ್ಲಿ, ನೀರು ಬಿಟ್ಟು ಲೆಕ್ಕ ಹಾಕಿದರೆ, ಕನಿಷ್ಠ 18% ಪ್ರೋಟೀನ್ ಇರಬೇಕು, ಮರಿಗೆ 22.5%. ರಾಗಿಯಲ್ಲಿ ಇರುವುದು ಸುಮಾರು 7%. ಮುದ್ದೆ, ಸಾರು ಮಾತ್ರ ತಿನ್ನುವ ನಾಯಿ ದಪ್ಪಗಾಗುತ್ತದೆ, ಬೆನ್ನಿನ ಮೇಲೆ ಸ್ನಾಯು ಇರುವುದಿಲ್ಲ, ಕೂದಲು ಒರಟಾಗಿ ಉದುರುತ್ತಿರುತ್ತದೆ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಸೇರಿಸಿದರೆ ಅರ್ಧ ಸರಿಹೋಗುತ್ತದೆ. ಪೂರ್ತಿ ಮನೆಯೂಟದಲ್ಲೇ ಸಾಕುವುದಾದರೆ ಕ್ಯಾಲ್ಸಿಯಂ, ಸತುವು, ವಿಟಮಿನ್‌ಗಳ ಲೆಕ್ಕವನ್ನು ಪಶುವೈದ್ಯರ ಹತ್ತಿರವೇ ಹಾಕಿಸಿ. ‘ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ’ ಎಂದು ಕೈಕಟ್ಟಿ ಕೂರುವುದೂ ತಪ್ಪು, ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಸಿರಪ್ ಸುರಿಯುವುದೂ ತಪ್ಪು. ಬೇಡದ್ದನ್ನು ಹೊರಗಿಡುವ ಶಕ್ತಿ ಮರಿಯ ಕರುಳಿಗೆ ಇನ್ನೂ ಬಂದಿರುವುದಿಲ್ಲ, ಮೂಳೆ ಸೊಟ್ಟಗೆ ಬೆಳೆಯುತ್ತದೆ.

ಇನ್ನು ಸಾರು. ದ್ರಾಕ್ಷಿ ತೋಟಗಳ ನಾಡಿನಲ್ಲಿದ್ದೇವೆ, ಅಲ್ಲಿಂದಲೇ ಶುರು ಮಾಡಬೇಕು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಗೆ ವಿಷ. ಒಂದು ನಾಯಿ ಗೊಂಚಲು ತಿಂದು ಆರಾಮಾಗಿ ಓಡಾಡುತ್ತದೆ, ಇನ್ನೊಂದಕ್ಕೆ ನಾಲ್ಕೈದು ಹಣ್ಣಿಗೇ ಕಿಡ್ನಿ ಕೈಕೊಡುತ್ತದೆ. ಈ ಗೊಂದಲಕ್ಕೆ 2021ರಲ್ಲಿ ಅಮೆರಿಕದ ಪ್ರಾಣಿ ವಿಷಚಿಕಿತ್ಸಾ ಕೇಂದ್ರದ ಪಶುವೈದ್ಯರು ಒಂದು ಉತ್ತರ ಮುಂದಿಟ್ಟರು: ಕಾರಣ ಟಾರ್ಟಾರಿಕ್ ಆಮ್ಲ ಇರಬೇಕು. ಅದರ ಪ್ರಮಾಣ ದ್ರಾಕ್ಷಿಯ ತಳಿಯಿಂದ ತಳಿಗೆ, ಹಣ್ಣು ಮಾಗಿದ ಹದದಿಂದ ಹದಕ್ಕೆ ಬದಲಾಗುತ್ತದೆ. ಹಾಗಾಗಿ ಇಷ್ಟು ತಿಂದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ. ಬೆಂಗಳೂರು ಬ್ಲೂ ಆದರೂ ಅಷ್ಟೇ, ಬೀಜವಿಲ್ಲದ ಹಸಿರು ದ್ರಾಕ್ಷಿ ಆದರೂ ಅಷ್ಟೇ. ತೋಟ ಕಾಯುವ ನಾಯಿಯನ್ನು ಕಟಾವಿನ ವೇಳೆ ಸಾಲಿನೊಳಗೆ ಬಿಡಬೇಡಿ, ಉದುರಿದ ಹಣ್ಣು ಗುಡಿಸಿ ಹಾಕಿ. ಪಾಯಸ, ಕೇಸರಿಬಾತ್, ಪಲಾವ್‌ಗೆ ಹಾಕುವ ಒಣದ್ರಾಕ್ಷಿಯೂ ಇದೇ ಲೆಕ್ಕ.

ಟಾರ್ಟಾರಿಕ್ ಆಮ್ಲ ಅಂದ ಕೂಡಲೇ ನಮ್ಮ ಕಣ್ಣು ಹೋಗಬೇಕಾದದ್ದು ಹುಣಸೆಹಣ್ಣಿನ ಮೇಲೆ. ತುಮಕೂರಿನ ಮಾರುಕಟ್ಟೆಗೆ ರಾಶಿರಾಶಿಯಾಗಿ ಬಂದು ಬೀಳುವ ಆ ಹಣ್ಣಿನ ತಿರುಳಿನಲ್ಲಿ ಈ ಆಮ್ಲ 8ರಿಂದ 18% ತನಕ ಇರುತ್ತದೆ, ದ್ರಾಕ್ಷಿಯ ಎಷ್ಟೋ ಪಟ್ಟು. ಕುದಿಸಿದರೆ ಅದು ಹೋಗುವುದಿಲ್ಲ. ‘ತಾತನ ಕಾಲದಿಂದ ನಮ್ಮ ನಾಯಿಗಳು ಸಾರು ಮುದ್ದೆ ತಿಂದೇ ಬದುಕಿದ್ದವು’ ಎಂಬ ಮಾತು ಬಂದೇ ಬರುತ್ತದೆ. ಹೊಲದ ನಾಯಿಗೆ ಸಿಗುತ್ತಿದ್ದದ್ದು ತೆಳ್ಳಗಿನ ಸಾರಿನ ಒಂದು ಸೌಟು, ಅದರ ತೂಕ 18–20 ಕೆ.ಜಿ. ಈಗ 4 ಕೆ.ಜಿ. ನಾಯಿಗೂ ಅದೇ ಸೌಟು ಬೀಳುತ್ತಿದೆ. ಜೊತೆಗೆ ಅಂದಿನ ನಾಯಿ ಎಂಟು ವರ್ಷಕ್ಕೆ ಸೊರಗಿ ಸತ್ತರೆ ಯಾರೂ ರಕ್ತ ಪರೀಕ್ಷೆ ಮಾಡಿಸುತ್ತಿರಲಿಲ್ಲ. ಸಾರು ಕೊಡಲೇಬೇಕೆಂದರೆ ಬೇಳೆ ಬೆಂದ ಮೇಲೆ, ಉಪ್ಪು, ಹುಳಿ, ಒಗ್ಗರಣೆ ಬೀಳುವ ಮೊದಲು ನಾಯಿಯ ಪಾಲನ್ನು ತೆಗೆದಿಟ್ಟುಬಿಡಿ. ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಆದರೆ ಬೇಳೆ ಬೇಯುವಾಗಲೇ ಈರುಳ್ಳಿ ಹಾಕಿದ್ದರೆ ಆ ಪಾಲೂ ಬೇಡ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ವಿಷ ವಿಷವೇ. ಒಂದು ಕೆ.ಜಿ. ತೂಕಕ್ಕೆ 15–30 ಗ್ರಾಂ ಈರುಳ್ಳಿ ತಿಂದ ನಾಯಿಗಳ ರಕ್ತದಲ್ಲಿ ಹಾನಿ ಕಂಡಿದೆ, ಅಂದರೆ 10 ಕೆ.ಜಿ. ನಾಯಿಗೆ ಒಂದೆರಡು ಮಧ್ಯಮ ಗಾತ್ರದ ಗಡ್ಡೆ. ಒಂದೇ ದಿನ ತಿನ್ನಬೇಕೆಂದೂ ಇಲ್ಲ, ದಿನಾ ಸ್ವಲ್ಪ ಸ್ವಲ್ಪ ಬಿದ್ದರೂ ಕೂಡಿಕೊಳ್ಳುತ್ತದೆ. ಲಕ್ಷಣ ತಕ್ಷಣ ಬರುವುದಿಲ್ಲ. ಎರಡು ಮೂರು ದಿನ ಕಳೆದು ಒಸಡು ಬಿಳಿಚಿಕೊಂಡು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದಾಗ ಈರುಳ್ಳಿ ಯಾರಿಗೂ ನೆನಪಾಗುವುದಿಲ್ಲ.

ಹೊಸತೊಡಕಿನ ಮಾರನೇ ದಿನ ಪಶು ಆಸ್ಪತ್ರೆಗೆ ಬರುವ ನಾಯಿಗಳ ಕಥೆ ಬೇರೆ. ಬೆಂದ ಮೂಳೆ ಗಡುಸಾಗಿ ಚೂಪಾಗಿ ಸೀಳುತ್ತದೆ, ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ ಇಲ್ಲವೇ ತೂತು ಮಾಡುತ್ತದೆ. ಮಟನ್ ಕೊಬ್ಬು ಒಂದೇ ಸಲ ಹೊಟ್ಟೆಗೆ ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ವಾಂತಿ, ಹೊಟ್ಟೆ ಮುಟ್ಟಗೊಡದ ನೋವು, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುವುದು ಅದರ ಗುರುತು. ಎಲೆ ಎತ್ತುವ ಜಾಗಕ್ಕೆ ಅವತ್ತು ನಾಯಿಯನ್ನು ಬಿಡದಿರುವುದೇ ಮದ್ದು. ಮಾವಿನ ಕಾಲದಲ್ಲಿ ಓಟೆ ಕೂಡ ಹೀಗೇ ಕರುಳಿಗೆ ಅಡ್ಡ ಕೂರುತ್ತದೆ. ತಿರುಳನ್ನು ಒಂದೆರಡು ಹೋಳು ಕೊಟ್ಟರೆ ತೊಂದರೆಯಿಲ್ಲ.

ಕಡಲೆಕಾಯಿ ಬೀಜದ ಬಗ್ಗೆ ಒಂದು ಎಚ್ಚರ. ಚಿಂತಾಮಣಿಯದಾಗಲಿ ಪಾವಗಡದ್ದಾಗಲಿ, ಸುಕ್ಕಿದ, ಕಪ್ಪಾದ, ಹಸಿರು ಪುಡಿ ಹಿಡಿದ ಬೀಜ ನಾಯಿಗೆ ಬೇಡವೇ ಬೇಡ. ಆ ಬೂಷ್ಟು ಹುಟ್ಟಿಸುವ ಅಫ್ಲಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ನಾಶವಾಗುವುದಿಲ್ಲ, ನಾಯಿಯ ಲಿವರ್ ಅದನ್ನು ತಡೆಯುವುದಿಲ್ಲ. ‘ನಾವು ತಿನ್ನುವುದಿಲ್ಲ, ನಾಯಿಗೆ ಹಾಕೋಣ’ ಎಂದು ಆರಿಸಿಟ್ಟ ಬೀಜವೇ ನಾಯಿಗೆ ಅತಿ ಕೆಟ್ಟದ್ದು. ಬೂಷ್ಟು ಹಿಡಿದ ಕೊಬ್ಬರಿ, ಜೋಳವೂ ಅಷ್ಟೇ. ಬಾಟಲಿಯ ಪೀನಟ್ ಬಟರ್ ತರುವುದಾದರೆ ಕ್ಸೈಲಿಟಾಲ್ ಎಂಬ ಹೆಸರು ಇದೆಯೇ ಓದಿ, ಅದು ಸಕ್ಕರೆಯ ಬದಲು ಹಾಕುವ ಸಿಹಿ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್‌ಗಳಲ್ಲೂ ಇದು ಇರುತ್ತದೆ. ಒಂದು ಕೆ.ಜಿ. ತೂಕಕ್ಕೆ 0.1 ಗ್ರಾಂ ಸಾಕು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ. ಚಾಕೊಲೇಟ್ ಎಲ್ಲರಿಗೂ ಗೊತ್ತು. ಆದರೆ ಎಲ್ಲ ಚಾಕೊಲೇಟ್ ಒಂದೇ ಅಲ್ಲ: 10 ಕೆ.ಜಿ. ನಾಯಿಗೆ ಡಾರ್ಕ್ ಚಾಕೊಲೇಟ್ 40 ಗ್ರಾಂ ತಿಂದರೂ ಲಕ್ಷಣ ಶುರುವಾಗಬಹುದು, ಹಾಲಿನ ಚಾಕೊಲೇಟ್ ಆದರೆ ಸುಮಾರು 100 ಗ್ರಾಂ. ಕೋಕೋ ಪುಡಿ ಇವೆರಡಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣ.

ಕೋಳಿ ಜರ್ಕಿ, ಅಂದರೆ ಒಣಗಿಸಿದ ಕೋಳಿ ಮಾಂಸದ ಪಟ್ಟಿ, ಕೇಳುವವರು ಬಹಳ. ಎದೆಭಾಗ 500 ಗ್ರಾಂ ತಂದು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟರೆ ಬಿಗಿಯಾಗುತ್ತದೆ, ಆಗ 5 ಮಿ.ಮೀ. ಪಟ್ಟಿ ಸಲೀಸಾಗಿ ಕತ್ತರಿಸಬಹುದು. ಪಟ್ಟಿಗಳನ್ನು ಮೊದಲು ಹಬೆಯಲ್ಲಿ ಪೂರ್ತಿ ಬೇಯಿಸಿ (ಒಳಗೆ 74 ಡಿಗ್ರಿ ಮುಟ್ಟಬೇಕು), ಆಮೇಲೆ 100 ಡಿಗ್ರಿ ಓಟಿಜಿಯಲ್ಲಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಆವಿ ಹೋಗಲು ಬಿಟ್ಟು, ಎರಡು ಗಂಟೆ ಒಣಗಿಸಿ. ಬೇಯಿಸದೆ ನೇರ ಒಣಗಿಸಿದರೆ ಆವಿಯಾಗುವ ನೀರು ಮಾಂಸವನ್ನು ತಣ್ಣಗೆ ಇಡುತ್ತದೆ. ಮೇಲೆ ಒಣಗಿದಂತೆ ಕಂಡರೂ ಸಾಲ್ಮೊನೆಲ್ಲಾ ಎಂಬ ರೋಗಾಣು ಬದುಕಿರುತ್ತದೆ. ಬಿಸಿಲು ಎಷ್ಟೇ ಇರಲಿ, ಮಹಡಿಯ ಮೇಲೆ ಒಣಗಿಸುವುದು ನೊಣಕ್ಕೆ ಔತಣ. ಕೊನೆಗೆ ಸುಮಾರು 150 ಗ್ರಾಂ ಉಳಿಯುತ್ತದೆ, ಫ್ರಿಜ್‌ನಲ್ಲಿ ಒಂದು ವಾರ, ಫ್ರೀಜರ್‌ನಲ್ಲಿ ಎರಡು ತಿಂಗಳು. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವನ್ನು ನಾಯಿಗೆ ಹಾಕಬಹುದೇ ಎಂಬ ಪ್ರಶ್ನೆಯೂ ಇದೆ. ಪ್ರೋಟೀನ್ ಧಾರಾಳ, ಒಪ್ಪೋಣ. ಆದರೆ ಒಣತೂಕದ ಕಾಲು ಭಾಗಕ್ಕೂ ಹೆಚ್ಚು ಎಣ್ಣೆ, ಅದೂ ಬೇಗ ಕಮಟುವ ಎಣ್ಣೆ. ನಾನಂತೂ ಬೇಡ ಎನ್ನುತ್ತೇನೆ.

ಯಾವುದೇ ಹೊಸ ತಿನಿಸು ಶುರು ಮಾಡುವಾಗ ಒಂದು ಬಾರಿಗೆ ಒಂದೇ, ನಾಲ್ಕು ದಿನ ಬರೇ ಚೂರು. ಕಿವಿ ಕೆರೆತ, ಪಾದ ನೆಕ್ಕುವುದು, ಭೇದಿ ಕಂಡರೆ ನಿಲ್ಲಿಸಿ. ಹಸುವಿನ ಮಾಂಸ, ಹಾಲು, ಕೋಳಿ, ಗೋಧಿ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವವು.

ತಿನ್ನಬಾರದ್ದು ತಿಂದೇಬಿಟ್ಟರೆ ಉಪ್ಪುನೀರು ಕುಡಿಸಬೇಡಿ. ವಾಂತಿ ಆಗಲಿ ಬಿಡಲಿ, ರಕ್ತದಲ್ಲಿ ಸೋಡಿಯಂ ಏರಿ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಗಂಟಲಿಗೆ ಬೆರಳು ಹಾಕುವುದೂ ಬೇಡ. ದ್ರಾಕ್ಷಿ, ಹುಣಸೆ ತಿಂದ ನಾಯಿ ವಾಂತಿ ಮಾಡುವುದು ಸಾಮಾನ್ಯವಾಗಿ ಮೊದಲ ದಿನದೊಳಗೆ, ಕಿಡ್ನಿ ಕೆಡುವುದು ಒಂದರಿಂದ ಮೂರು ದಿನದಲ್ಲಿ. ಮಧ್ಯೆ ಚೆನ್ನಾಗಿದೆ ಅನ್ನಿಸಿದರೂ ನಂಬಬೇಡಿ. ತಿಂದ ಎರಡು ಗಂಟೆಯೊಳಗೆ ಡಾಕ್ಟರ ಹತ್ತಿರ ತಲುಪಿದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು. ಊರಿನ ಪಶು ಆಸ್ಪತ್ರೆಗೆ ಮೊದಲು ಫೋನ್ ಮಾಡಿ. ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅದೇ ಹೈವೇ ಮೇಲೆ ಸಿಗುತ್ತದೆ. ಹೊರಡುವ ಮೊದಲು ಮೂರು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿ: ನಾಯಿಯ ತೂಕ, ಏನು ಎಷ್ಟು ತಿಂದಿತು, ಎಷ್ಟು ಹೊತ್ತಿಗೆ. ಪೊಟ್ಟಣದ ಕವರ್ ಇದ್ದರೆ ಎಸೆಯದೆ ಜೊತೆಗೆ ಒಯ್ಯಿರಿ, ವಾಂತಿ ಮಾಡಿದ್ದರೆ ಅದನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ.